ಹ್ಯಾಂಡಲ್ ಮೇಲೆ ಫೋನು: ಸೈಕಲ್ ಸವಾರರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಸ್ಮಾರ್ಟ್‌ಫೋನನ್ನೇ ಸೈಕಲ್ ಕಂಪ್ಯೂಟರ್ (ಹ್ಯಾಂಡಲ್ ಮೇಲೆ ವೇಗ, ದೂರ ತೋರಿಸುವ ಸಾಧನ) ಆಗಿ ಬಳಸುವುದರ ಬಗ್ಗೆ. ಒಂದೇ ಥರದವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಳ್ಳೆಯ ಫೋನ್ ಇರುವಾಗ ಬೇರೆ ಸೈಕಲ್ ಕಂಪ್ಯೂಟರ್ ಕೊಳ್ಳಬೇಕೇ?

ಸವಾರಿ ದಾಖಲಿಸುವುದಕ್ಕೂ ದಾರಿ ನೋಡುವುದಕ್ಕೂ ಬೇಕಿಲ್ಲ. ಈ ಎರಡು ಕೆಲಸದಲ್ಲಿ ಫೋನೇ ಎಷ್ಟೋ ವಾಸಿ; ನಕ್ಷೆ ದೊಡ್ಡದಾಗಿ ಕಾಣುತ್ತದೆ, ಊರ ಹೆಸರು ಟೈಪ್ ಮಾಡಿ ಹುಡುಕುವುದು ಸುಲಭ. ಆದರೆ ನಾಲ್ಕು ಗಂಟೆ ಕಾಲ ವೇಗ, ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಸಲ ಪೆಡಲ್ ಸುತ್ತಿತು ಎಂಬ ಲೆಕ್ಕ), ಹೃದಯಬಡಿತ ಕಣ್ಣೆದುರೇ ಇರಬೇಕು ಅನ್ನುವವರಿಗೆ ಫೋನ್ ಸರಿಹೋಗುವುದಿಲ್ಲ. ತೊಂದರೆ ಇರುವುದು ಸ್ಕ್ರೀನಿನಲ್ಲಿ. ಅನೇಕ ಸೈಕಲ್ ಕಂಪ್ಯೂಟರ್‌ಗಳ ಸ್ಕ್ರೀನ್ ಬಿಸಿಲನ್ನೇ ಪ್ರತಿಫಲಿಸಿ ಓದಲು ಸಿಗುತ್ತದೆ, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಫೋನಿನ ಸ್ಕ್ರೀನ್ ತನ್ನದೇ ಬೆಳಕಿನಿಂದ ಬಿಸಿಲನ್ನು ಮೀರಿಸಬೇಕು. ಅದಕ್ಕಾಗಿ ಬ್ಯಾಟರಿ ಸುರಿಯುತ್ತದೆ, ಫೋನ್ ಬಿಸಿಯಾಗುತ್ತದೆ, ಬಿಸಿಯಾದ ಮೇಲೆ ಸ್ಕ್ರೀನ್ ತಾನಾಗಿಯೇ ಮಂಕಾಗುತ್ತದೆ.

ಹೀಗಾಗಿ ನಮ್ಮ ಸಲಹೆ: ಗೊತ್ತಿರುವ ರಸ್ತೆಯಲ್ಲಿ ಫೋನ್ ಜೇಬಿನಲ್ಲಿರಲಿ, ಸ್ಕ್ರೀನ್ ಆರಿಸಿ ದಾಖಲೆ ಮಾತ್ರ ನಡೆಯಲಿ. ಗೊತ್ತಿಲ್ಲದ ರಸ್ತೆಯಲ್ಲಿ ಮಾತ್ರ ಹ್ಯಾಂಡಲ್‌ಗೆ ಏರಿಸಿ. ಆಗಲೂ ಸ್ಕ್ರೀನ್ ಸದಾ ಉರಿಯಬೇಕಾಗಿಲ್ಲ. ತಿರುವು ಹತ್ತಿರ ಬಂದಾಗ ಮಾತ್ರ ಬೆಳಗುವ ಆಯ್ಕೆ ಓಎಸ್‌ಎಂಆ್ಯಂಡ್‌ನಂಥ ನಕ್ಷೆ ಆ್ಯಪ್‌ಗಳಲ್ಲಿದೆ. ವೇಗ ಕಾಣಲೇಬೇಕೆಂದರೆ ಮ್ಯಾಗ್ನೆಟ್ ಮತ್ತು ವೈರಿನ ಹಳೇ ಶೈಲಿಯ ಮೀಟರನ್ನು ಹ್ಯಾಂಡಲ್ ಮೇಲಿಟ್ಟು, ಫೋನನ್ನು ಜೇಬಿನಲ್ಲಿಟ್ಟುಕೊಳ್ಳುವ ಜೋಡಿ ನಮಗೆ ಎಲ್ಲಕ್ಕಿಂತ ಇಷ್ಟ.

ಪ್ರಶ್ನೆ: ನೇರ ರಸ್ತೆಯಲ್ಲಿ ಒಂದೇ ಸಮ ತುಳಿಯುತ್ತಿದ್ದರೂ ಫೋನಿನಲ್ಲಿ ವೇಗ 22, 27, 24 ಎಂದು ಕುಣಿಯುತ್ತದೆ. ಜೊತೆಗೆ ಬಂದ ಗೆಳೆಯನ ಫೋನಿನಲ್ಲಿ ದೂರ ಒಂದು ಕಿಲೋಮೀಟರ್ ಹೆಚ್ಚು. ಯಾರದು ಸರಿ?

ಪ್ರಾಯಶಃ ಇಬ್ಬರದೂ ಅಲ್ಲ. ತೆರೆದ ಆಕಾಶದ ಕೆಳಗೆ ಫೋನಿನ ಜಿಪಿಎಸ್ ನಿಮ್ಮನ್ನು ಸುಮಾರು 5 ಮೀಟರ್ ತ್ರಿಜ್ಯದ ವೃತ್ತದೊಳಗೆ ಗುರುತಿಸುತ್ತದೆ, ಅದೂ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ನೀವು ಸಾಗುವುದು 7 ಮೀಟರ್. ಸಾಗಿದ್ದೇ 7 ಮೀಟರ್, ತಪ್ಪು 5 ಮೀಟರ್ ಆದರೆ ಎರಡು ಬಿಂದುಗಳ ನಡುವಿನ ದೂರದಿಂದ ವೇಗ ಲೆಕ್ಕ ಹಾಕುವ ಆ್ಯಪ್ ಕುಣಿಯದೆ ಇನ್ನೇನು ಮಾಡೀತು? ಉಪಗ್ರಹ ಸಂಕೇತದ ಡಾಪ್ಲರ್ ಪಲ್ಲಟದಿಂದ (ಚಲನೆಯಿಂದ ಸಂಕೇತದ ಆವರ್ತನದಲ್ಲಾಗುವ ಬದಲಾವಣೆಯಿಂದ) ಸಿಗುವ ವೇಗ ಇದಕ್ಕಿಂತ ಬಹಳ ಸ್ಥಿರ. ಒಳ್ಳೆಯ ಆ್ಯಪ್‌ಗಳು ಅದನ್ನೇ ತೋರಿಸುತ್ತವೆ. ಆದರೂ ದಟ್ಟ ಮರ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬಂದರೆ ಅದೂ ಹಾದಿ ತಪ್ಪುತ್ತದೆ. ಉಪಗ್ರಹಗಳು ಕಳಿಸುವ ಎಲ್1 ತರಂಗಾಂತರದ ಜೊತೆಗೆ ಎಲ್5 ಎಂಬ ಇನ್ನೊಂದನ್ನೂ ಹಿಡಿಯುವ ಫೋನ್‌ಗಳು 2018ರಿಂದ ಬರುತ್ತಿವೆ. ಕಟ್ಟಡಗಳ ನಡುವೆ ವ್ಯತ್ಯಾಸ ಕಾಣುವುದು ಅವುಗಳಲ್ಲಿ.

ದೂರದ ತಪ್ಪು ಎರಡೂ ಕಡೆಗೆ ವಾಲುತ್ತದೆ. ನಿಧಾನವಾಗಿ ಹೋಗುವಾಗ, ಸಿಗ್ನಲ್‌ನಲ್ಲಿ ನಿಂತಾಗ ಬಿಂದುಗಳು ಅತ್ತಿತ್ತ ಅಲೆದಾಡಿ ದೂರ ಹೆಚ್ಚಾಗುತ್ತದೆ. ಬಳುಕುವ ಘಾಟಿ ರಸ್ತೆಯಲ್ಲಿ, ಅದರಲ್ಲೂ ಬ್ಯಾಟರಿ ಉಳಿಸಲೆಂದು ಐದು ಸೆಕೆಂಡಿಗೊಂದು ಬಿಂದು ಬರೆಯುವ ಆ್ಯಪ್‌ನಲ್ಲಿ, ತಿರುವುಗಳು ಕತ್ತರಿಸಿಹೋಗಿ ದೂರ ಕಡಿಮೆಯಾಗುತ್ತದೆ.

ನಿಖರತೆ ಬೇಕಿದ್ದರೆ ಚಕ್ರವೇ ಅಳೆಯಲಿ: ಚಕ್ರದ ನಡುವಿನ ಹಬ್‌ಗೆ ಬ್ಲೂಟೂತ್ ವೇಗ ಸೆನ್ಸರ್ ಕಟ್ಟಿ, ಆ್ಯಪ್‌ನಲ್ಲಿ ಚಕ್ರದ ಸುತ್ತಳತೆ ತುಂಬಿ. ಟೈರಿನ ಅಳತೆಗೆ ತಕ್ಕ ಸುತ್ತಳತೆಯ ಪಟ್ಟಿಯಲ್ಲಿ ಸಿಗುವ ಅಂಕಿಗಳು ಹೀಗಿವೆ: 700×25 ಟೈರಿಗೆ 2105 ಮಿ.ಮೀ., 700×28ಕ್ಕೆ 2136, 26×1.95ಕ್ಕೆ 2050, 29×2.1ಕ್ಕೆ 2288. ಇವು ಆರಂಭಕ್ಕೆ ಸಾಕು. ಆದರೆ ಟೈರಿನ ಗಾಳಿ ಮತ್ತು ನಿಮ್ಮ ತೂಕದಿಂದ ಚಕ್ರ ಎಷ್ಟು ಕುಗ್ಗುತ್ತದೆ ಎನ್ನುವುದು ಪಟ್ಟಿಗೆ ತಿಳಿಯದು. ಅಳೆಯುವ ಕ್ರಮ ಸರಳ. ಎಂದಿನಷ್ಟು ಗಾಳಿ ತುಂಬಿ, ಮುಂಚಕ್ರದ ವಾಲ್ವ್ ನೇರ ಕೆಳಗೆ ಬರುವಂತೆ ನಿಲ್ಲಿಸಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಸೀಟಿನ ಮೇಲೆ ಕೂತು, ಒಬ್ಬರು ಪಕ್ಕದಲ್ಲಿ ಹಿಡಿದುಕೊಂಡಂತೆ, ನೇರವಾಗಿ ಮೂರು ಸುತ್ತು ಮುಂದೆ ಹೋಗಿ. ವಾಲ್ವ್ ಮತ್ತೆ ಕೆಳಗೆ ಬಂದಲ್ಲಿ ಇನ್ನೊಂದು ಗೆರೆ. ನಡುವಿನ ದೂರವನ್ನು 3ರಿಂದ ಭಾಗಿಸಿ. ಒಂದೇ ಸುತ್ತು ಅಳೆದರೆ ಟೇಪ್ ಹಿಡಿಯುವಾಗಿನ 5 ಮಿ.ಮೀ. ತಪ್ಪು ಪೂರ್ತಿ ಉಳಿಯುತ್ತದೆ, ಮೂರು ಸುತ್ತಾದರೆ 2 ಮಿ.ಮೀ.ಗಿಂತ ಕಡಿಮೆಗೆ ಇಳಿಯುತ್ತದೆ. ಸುತ್ತಳತೆಯಲ್ಲಿ 21 ಮಿ.ಮೀ. ತಪ್ಪಿದರೆ ಶೇ. 1 ತಪ್ಪು, ಅಂದರೆ ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರ್. ಸೆನ್ಸರ್ ಹಿಂಚಕ್ರದಲ್ಲಿದ್ದರೆ ಅಳೆಯಬೇಕಾದದ್ದು ಹಿಂಚಕ್ರವನ್ನು. ತೂಕ ಹೆಚ್ಚು ಬೀಳುವುದು ಅಲ್ಲೇ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಆ್ಯಪ್‌ಗಳು ಸೆನ್ಸರ್ ಜೋಡಿಸಿದ್ದರೂ ದೂರಕ್ಕೆ ಜಿಪಿಎಸ್ಸನ್ನೇ ನೆಚ್ಚುತ್ತವೆ. ಸೆಟ್ಟಿಂಗ್‌ನಲ್ಲಿ ದೂರದ ಮೂಲ ಯಾವುದು ಎಂದು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಸ್ಕ್ರೀನ್ ಆರಿದ ಮೇಲೆ ದಾಖಲೆ ನಿಂತುಹೋಗುತ್ತದೆ. ಮನೆಗೆ ಬಂದು ನೋಡಿದರೆ ಕೆರೆ, ಹೊಲ ಎಲ್ಲದರ ಮೇಲೆ ನೇರ ಗೆರೆ ಎಳೆದಿರುತ್ತದೆ.

ಆ್ಯಂಡ್ರಾಯ್ಡ್ ಫೋನುಗಳಲ್ಲಿ ಬಹಳ ಸಾಮಾನ್ಯವಾದ ತೊಂದರೆ ಇದು. ಆ್ಯಪ್ ಕೆಟ್ಟಿಲ್ಲ, ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಫೋನೇ ಅದನ್ನು ಮಲಗಿಸಿದೆ. ಎಚ್ಚರವಾದಾಗ ಸಿಕ್ಕ ಬಿಂದುವಿಗೂ ಮಲಗುವ ಮುಂಚಿನ ಬಿಂದುವಿಗೂ ನಡುವೆ ಗೆರೆ ಎಳೆದುಬಿಡುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪುಟ ತೆರೆದು ಬ್ಯಾಟರಿ ಬಳಕೆಯನ್ನು ‘ನಿರ್ಬಂಧವಿಲ್ಲ’ ಎಂದು ಮಾಡಿ. ಆಮೇಲೆ ಸ್ಥಳದ ಅನುಮತಿ: ‘ನಿಖರ ಸ್ಥಳ’ ಆನ್ ಇರಬೇಕು. ಆ್ಯಂಡ್ರಾಯ್ಡ್ 12ರಿಂದ ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆ ಬಂದಿದೆ, ಅನುಮತಿ ಕೇಳಿದಾಗ ಅವಸರದಲ್ಲಿ ಅದನ್ನು ಒತ್ತಿದವರಿಗೆ ನೂರಾರು ಮೀಟರ್ ಆಚೀಚೆಯ ಬಿಂದುಗಳು ಸಿಗುತ್ತವೆ. ಬ್ಯಾಟರಿ ಸೇವರ್ ಆಫ್ ಇರಲಿ. ಅನೇಕ ಫೋನುಗಳಲ್ಲಿ ಅದು ಆನ್ ಇದ್ದಾಗ ಸ್ಕ್ರೀನ್ ಆರಿದೊಡನೆ ಜಿಪಿಎಸ್ಸೂ ನಿಲ್ಲುತ್ತದೆ. ಶೇ. 15ಕ್ಕೆ ಇಳಿದಾಗ ತಾನಾಗಿ ಆನ್ ಆಗುವಂತೆ ಇಟ್ಟಿದ್ದರೆ ಸವಾರಿಯ ಕೊನೆಯ ಭಾಗ ಮಾತ್ರ ಕಾಣೆಯಾಗುತ್ತದೆ, ಕಾರಣವೇ ಹೊಳೆಯುವುದಿಲ್ಲ. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಇನ್ನೊಂದು ಕಾವಲು ಹಾಕಿರುತ್ತಾರೆ: ‘ಆಟೋಸ್ಟಾರ್ಟ್’ ಅನುಮತಿ ಕೊಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಬೀಗದ ಗುರುತು ಒತ್ತಿ. ‘ಎಲ್ಲ ಆ್ಯಪ್ ಮುಚ್ಚು’ ಒತ್ತುವ ಅಭ್ಯಾಸವನ್ನು ಸವಾರಿಯ ಮಟ್ಟಿಗಾದರೂ ಬಿಡಿ.

ಪರೀಕ್ಷಿಸಲು ಇಡೀ ಸವಾರಿ ಬೇಕಿಲ್ಲ. ದಾಖಲೆ ಶುರು ಮಾಡಿ, ಸ್ಕ್ರೀನ್ ಆರಿಸಿ, ಫೋನ್ ಜೇಬಿಗಿಟ್ಟು ಇಪ್ಪತ್ತು ನಿಮಿಷ ನಡೆದು ಬನ್ನಿ. ಗೆರೆ ರಸ್ತೆಯ ತಿರುವುಗಳನ್ನು ಅನುಸರಿಸಿದ್ದರೆ ಆಯಿತು. ಸಿಸ್ಟಂ ಅಪ್‌ಡೇಟ್ ಬಂದ ಮೇಲೆ ಈ ಪರೀಕ್ಷೆ ಮತ್ತೊಮ್ಮೆ ಮಾಡಿ. ಕೆಲವೊಮ್ಮೆ ಅನುಮತಿಗಳು ಮೊದಲಿನ ಸ್ಥಿತಿಗೆ ಹೋಗಿರುತ್ತವೆ.

ಪ್ರಶ್ನೆ: ವೇಗ ಮತ್ತು ಕೇಡೆನ್ಸ್ ಸೆನ್ಸರ್ ತಂದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಒಮ್ಮೆ ಕಾಣಿಸುತ್ತದೆ, ಆ್ಯಪ್‌ನಲ್ಲಿ ಸಿಗುವುದಿಲ್ಲ.

ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಜೋಡಿಸಬಾರದು. ಜೋಡಿಸಿದ್ದರೆ ‘ಮರೆತುಬಿಡು’ ಒತ್ತಿ, ಆ್ಯಪ್‌ನ ಒಳಗಿನಿಂದಲೇ ಹುಡುಕಿ. ಅನೇಕ ಸೆನ್ಸರ್‌ಗಳು ಒಂದು ಹೊತ್ತಿಗೆ ಒಂದೇ ಬ್ಲೂಟೂತ್ ಸಂಪರ್ಕ ಕೊಡುತ್ತವೆ. ಸೆನ್ಸರ್ ಕಂಪನಿಯ ಆ್ಯಪ್ ಹಿನ್ನೆಲೆಯಲ್ಲಿ ಅದನ್ನು ಹಿಡಿದುಕೊಂಡಿದ್ದರೆ ಬೇರೆ ಆ್ಯಪ್‌ಗೆ ಅದು ಕಾಣುವುದೇ ಇಲ್ಲ. ಹುಡುಕುವಾಗ ಚಕ್ರ ತಿರುಗಿಸುತ್ತಿರಿ, ಪೆಡಲ್ ಇರುವ ಕ್ರ್ಯಾಂಕ್ ಸುತ್ತುತ್ತಿರಿ. ನಿಂತ ಸೆನ್ಸರ್ ನಿದ್ದೆ ಹೋಗಿರುತ್ತದೆ. ಕೊಳ್ಳುವ ಮೊದಲು ಡಬ್ಬಿಯ ಮೇಲೆ ಬ್ಲೂಟೂತ್ ಎಂದು ಇದೆಯೇ ನೋಡಿ. ಬರೀ ಆ್ಯಂಟ್ ಪ್ಲಸ್ (ANT+, ಇನ್ನೊಂದು ಬಗೆಯ ನಿಸ್ತಂತು ಸಂಪರ್ಕ) ಇರುವ ಸೆನ್ಸರ್ ಐಫೋನಿಗೆ ನೇರವಾಗಿ ಜೋಡಣೆಯಾಗದು, ಇಂದಿನ ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಿಗೂ ಅಷ್ಟೇ.

ಜೋಡಣೆಯಾಗಿಯೂ ನಡುನಡುವೆ ಕಡಿದು ಹೋಗುತ್ತಿದ್ದರೆ ಫೋನ್ ಎಲ್ಲಿದೆ ನೋಡಿ. ಬೆನ್ನಿನ ಜೇಬಿನಲ್ಲಿ ಫೋನ್, ಮುಂಚಕ್ರದಲ್ಲಿ ಸೆನ್ಸರ್ ಇದ್ದರೆ ನಡುವೆ ನಿಮ್ಮ ದೇಹ. ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ತುಂಬಿದ ದೇಹ ಚೆನ್ನಾಗಿ ಹೀರುತ್ತದೆ. ಸೆನ್ಸರನ್ನು ಹಿಂದಿನ ಹಬ್‌ಗೆ ವರ್ಗಾಯಿಸಿ. ಅಂದಹಾಗೆ, ಸೆನ್ಸರ್ ಕಳಿಸುವುದು ವೇಗವನ್ನಲ್ಲ. ಚಕ್ರ ಒಟ್ಟು ಎಷ್ಟು ಸುತ್ತು ತಿರುಗಿತು, ಕೊನೆಯ ಸುತ್ತು ಯಾವ ಕ್ಷಣದಲ್ಲಿ ಎಂಬ ಎರಡು ಸಂಖ್ಯೆಗಳನ್ನು. ಆ ಕ್ಷಣವನ್ನು ಎಣಿಸುವುದು ಸೆಕೆಂಡಿನ 1024ನೇ ಒಂದು ಭಾಗದಲ್ಲಿ. ಆದ್ದರಿಂದ ನಡುವೆ ಹತ್ತು ಸೆಕೆಂಡು ಸಂಪರ್ಕ ಕಡಿದರೂ ಎಣಿಕೆ ಸೆನ್ಸರ್‌ನಲ್ಲಿ ಮುಂದುವರಿದಿರುತ್ತದೆ. ಆ್ಯಪ್ ಸರಿಯಾಗಿ ಬರೆದಿದ್ದರೆ ದೂರ ಕಳೆದುಹೋಗುವುದಿಲ್ಲ.

ಒಳಗಿರುವುದು ಸಾಮಾನ್ಯವಾಗಿ ಸಿಆರ್2032 ಬಟನ್ ಸೆಲ್. ಹೊಸ ಸೆಲ್ ಹಾಕಿದ ಮೇಲೂ ಸೆನ್ಸರ್ ಏಳದಿದ್ದರೆ ಅದಕ್ಕೆ ಕಹಿ ಲೇಪನ ಇದೆಯೇ ನೋಡಿ. ಮಕ್ಕಳು ನುಂಗದಿರಲೆಂದು ಬಳಿದ ಆ ಲೇಪನ ಕೆಲವು ಸಾಧನಗಳಲ್ಲಿ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಲೇಪನವಿಲ್ಲದ ಸೆಲ್ ಹಾಕಿ.

ಪ್ರಶ್ನೆ: ಮಟ್ಟಸ ರಸ್ತೆಯಲ್ಲಿ 40 ಕಿ.ಮೀ. ಹೋಗಿ ಬಂದರೆ 400 ಮೀಟರ್ ಏರಿದ್ದೀರಿ ಎನ್ನುತ್ತದೆ!

ಜಿಪಿಎಸ್ಸಿಗೆ ಎತ್ತರ ಯಾವಾಗಲೂ ಕಷ್ಟದ ವಿಷಯ. ಉಪಗ್ರಹಗಳೆಲ್ಲ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಒಂದೂ ಕಾಣುವುದಿಲ್ಲ. ಹಾಗಾಗಿ ಲಂಬ ದಿಕ್ಕಿನ ತಪ್ಪು ಅಡ್ಡ ದಿಕ್ಕಿನದಕ್ಕಿಂತ ಹೆಚ್ಚು. ಓದಿಕೆ ಒಂದೆರಡು ಮೀಟರ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಆ್ಯಪ್ ಮೇಲೆ ಹೋದದ್ದನ್ನೆಲ್ಲ ಕೂಡುತ್ತಾ ಹೋದರೆ ಸಣ್ಣ ಸಣ್ಣ ಸುಳ್ಳು ಏರುಗಳು ಸೇರಿ ನಾಲ್ಕು ನೂರು ಮೀಟರಿನ ಬೆಟ್ಟವಾಗುತ್ತದೆ.

ವಾಯುಭಾರ ಮಾಪಕ ಇರುವ ಫೋನಾದರೆ ಚಿತ್ರ ಬೇರೆ. ಸಮುದ್ರಮಟ್ಟದ ಹತ್ತಿರ ಸುಮಾರು ಎಂಟೂವರೆ ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಫೋನಿನ ಮಾಪಕ ಇದರ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ಬದಲಾವಣೆಯನ್ನೂ ಹಿಡಿಯುತ್ತದೆ, ಹಾಗಾಗಿ ಒಂದು ಸೇತುವೆಯ ಏರು ಕೂಡ ಗ್ರಾಫಿನಲ್ಲಿ ಕಾಣುತ್ತದೆ. ದೌರ್ಬಲ್ಯ ಎಂದರೆ ಹವೆ ಬದಲಾದರೂ ಅದು ಎತ್ತರ ಬದಲಾಯಿತೆಂದೇ ತಿಳಿಯುತ್ತದೆ. ಉಷ್ಣವಲಯದಲ್ಲಿ ಮೋಡ ಮಳೆ ಇಲ್ಲದ ದಿನವೂ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಎರಡು ಮೂರು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಬೆಳಿಗ್ಗೆ ಹೊರಟು ಸಂಜೆ ಅದೇ ಬಾಗಿಲಿಗೆ ಮರಳಿದರೆ ಮನೆ ಇಪ್ಪತ್ತು ಮೀಟರ್ ಮೇಲಕ್ಕೆ ಹೋಗಿರುತ್ತದೆ. ಗಾಳಿಯಾಡದಂತೆ ಮುಚ್ಚಿದ ಜಲನಿರೋಧಕ ಚೀಲದಲ್ಲಿ ಫೋನಿಟ್ಟರೆ ಮಾಪಕ ಅಳೆಯುವುದು ಚೀಲದೊಳಗಿನ ಒತ್ತಡವನ್ನು, ಘಾಟಿಯೇ ಮಾಯವಾಗಬಹುದು.

ಮಾಪಕ ಇಲ್ಲದವರು ಸವಾರಿಯ ನಂತರ ‘ಎತ್ತರ ಸರಿಪಡಿಸು’ ಆಯ್ಕೆ ಬಳಸಿ. ಸವಾರಿ ದಾಖಲಿಸುವ ಸ್ಟ್ರಾವಾ, ರೈಡ್ ವಿತ್ ಜಿಪಿಎಸ್ ಆ್ಯಪ್‌ಗಳಲ್ಲಿ ಇದೆ. ಅದು ನಿಮ್ಮ ಎತ್ತರವನ್ನು ಬದಿಗಿಟ್ಟು ಭೂಮೇಲ್ಮೈ ನಕ್ಷೆಯಿಂದ ಅಂಕಿ ತೆಗೆದುಕೊಳ್ಳುತ್ತದೆ.

ಸಮುದ್ರ ದಡದಲ್ಲಿ ನಿಂತಾಗ ಎತ್ತರ ಮೈನಸ್ 90 ಮೀಟರ್ ಎಂದು ತೋರಿತೆಂದು ಇನ್ನೊಬ್ಬರು ಕೇಳಿದ್ದಾರೆ. ಫೋನ್ ಕೆಟ್ಟಿಲ್ಲ. ಜಿಪಿಎಸ್ ಎತ್ತರವನ್ನು ಅಳೆಯುವುದು ಗಣಿತದ ಒಂದು ನುಣುಪಾದ, ತುಸು ಚಪ್ಪಟೆ ಗೋಳದಿಂದ, ನಿಜವಾದ ಸಮುದ್ರಮಟ್ಟದಿಂದಲ್ಲ. ಎರಡರ ನಡುವಿನ ಅಂತರ ಭೂಮಿಯ ಮೇಲೆ ಎಲ್ಲ ಕಡೆ ಒಂದೇ ಅಲ್ಲ. ಶ್ರೀಲಂಕಾದ ದಕ್ಷಿಣದ ಸಾಗರದಲ್ಲಿ ಸಮುದ್ರಮಟ್ಟ ಆ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಈ ತಿದ್ದುಪಡಿ ಮಾಡದ ಆ್ಯಪ್ ಹಸಿ ಅಂಕಿಯನ್ನೇ ತೋರಿಸುತ್ತದೆ. ಏರಿದ ಒಟ್ಟು ಎತ್ತರಕ್ಕೆ ಇದರಿಂದ ತೊಂದರೆ ಇಲ್ಲ.

ಪ್ರಶ್ನೆ: ಹ್ಯಾಂಡಲ್ ಮೇಲಿಟ್ಟರೆ ಫೋನಿನ ಕ್ಯಾಮೆರಾ ಹಾಳಾಗುತ್ತದಂತೆ, ನಿಜವೇ? ಎಂಥ ಮೌಂಟ್ (ಫೋನ್ ಹಿಡಿಯುವ ಸಾಧನ) ಒಳ್ಳೆಯದು?

ಮೋಟಾರ್‌ಸೈಕಲ್ ವಿಷಯದಲ್ಲಿ ನಿಜ. ಶಕ್ತಿಶಾಲಿ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆ್ಯಪಲ್ ಎಚ್ಚರಿಕೆ ಕೊಟ್ಟಿತು. ಕೈ ನಡುಗಿದರೂ ಚಿತ್ರ ಅಲುಗದಂತೆ ಕ್ಯಾಮೆರಾದ ಮಸೂರವನ್ನು ಸರಿಸುವ ಪುಟ್ಟ ಯಂತ್ರವೊಂದು ಒಳಗಿದೆ, ಕೆಡುವುದು ಅದು. ಸೈಕಲ್ಲಿಗೆ ಎಂಜಿನ್ನಿನ ಎಡೆಬಿಡದ ಕಂಪನ ಇಲ್ಲ, ಅಪಾಯ ಬಹಳ ಕಡಿಮೆ. ಆದರೂ ಸಸ್ಪೆನ್ಶನ್ ಇಲ್ಲದ ಸೈಕಲ್ಲಿನಲ್ಲಿ ದಿನವೂ ಕಲ್ಲುರಸ್ತೆ ತುಳಿಯುವವರು ರಬ್ಬರ್ ಡ್ಯಾಂಪರ್ ಇರುವ ಮೌಂಟ್ ತೆಗೆದುಕೊಳ್ಳುವುದು, ಇಲ್ಲವೇ ಫೋನನ್ನು ಜೇಬಿಗಿಳಿಸುವುದು ಜಾಣತನ.

ಕೇಸ್‌ನ ಬೆನ್ನಿಗೆ ಕಚ್ಚು ಇದ್ದು ಕಾಲು ಸುತ್ತು ತಿರುಗಿಸಿ ಲಾಕ್ ಮಾಡುವ ಬಗೆಯೇ ಎಲ್ಲಕ್ಕಿಂತ ಭದ್ರ. ನಾಲ್ಕು ಮೂಲೆ ಹಿಡಿಯುವ ಸಿಲಿಕಾನ್ ಪಟ್ಟಿ ಹಗುರ, ಆದರೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಬಗ್ಗಿಸಿ ಹಿಡಿದು ಬೇರಿನ ಹತ್ತಿರ ಸಣ್ಣ ಸೀಳು ಕಂಡರೆ ಅಂದೇ ಬದಲಿಸಿ. ಸ್ಪ್ರಿಂಗ್ ದವಡೆಯ ಮೌಂಟ್ ಪಕ್ಕದ ಬಟನ್ ಒತ್ತಿ ಫೋನನ್ನು ಸುಮ್ಮನೆ ರೀಸ್ಟಾರ್ಟ್ ಮಾಡುತ್ತದೆ. ಮ್ಯಾಗ್ನೆಟ್ ಒಂದನ್ನೇ ನಂಬಿದ ಮೌಂಟನ್ನು ಸೈಕಲ್ಲಿಗೆ ನಾವು ಹೇಳುವುದಿಲ್ಲ. ಅದು ದಿಕ್ಸೂಚಿಯನ್ನೂ ಕೆಡಿಸುತ್ತದೆ: ಚಲಿಸುವಾಗ ದಿಕ್ಕು ಜಿಪಿಎಸ್‌ನಿಂದ ಸಿಗುವುದರಿಂದ ಗೊತ್ತಾಗುವುದಿಲ್ಲ, ನಾಲ್ಕು ರಸ್ತೆ ಸೇರುವಲ್ಲಿ ನಿಂತು ನೋಡಿದಾಗ ನಕ್ಷೆ ತಲೆಕೆಳಗಾಗಿರುತ್ತದೆ.

ಕೊಳ್ಳುವ ಮುಂಚೆ ಹ್ಯಾಂಡಲ್‌ಬಾರ್ ನಡುಭಾಗದ ವ್ಯಾಸ ಅಳೆಯಿರಿ, 25.4, 31.8, 35 ಮಿ.ಮೀ. ಇವುಗಳಲ್ಲಿ ಸಾಮಾನ್ಯವಾಗಿ ಒಂದಾಗಿರುತ್ತದೆ. ಕಾರ್ಬನ್ ಬಾರ್ ಆದರೆ ಕ್ಲ್ಯಾಂಪ್ ಮೇಲೆ ಬರೆದ ಟಾರ್ಕ್ (ಬಿಗಿಯುವ ಬಲದ ಮಿತಿ) ಮೀರಬೇಡಿ.

ಸ್ಟೆಮ್ (ಹ್ಯಾಂಡಲ್‌ಬಾರನ್ನು ಹಿಡಿದಿರುವ ಭಾಗ) ಮೇಲಿನ ಮುಚ್ಚಳದ ಜಾಗದಲ್ಲಿ ಕೂರುವ ಮೌಂಟ್ ಹಾಕುವವರಿಗೆ ಒಂದು ಎಚ್ಚರಿಕೆ. ಆ ಮುಚ್ಚಳದ ಬೋಲ್ಟ್ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗ) ಬೇರಿಂಗಿನ ಬಿಗುವನ್ನು ಹೊಂದಿಸುವಂಥದ್ದು. ಸ್ಟೆಮ್ಮಿನ ಪಕ್ಕದ ಎರಡು ಬೋಲ್ಟ್ ಬಿಗಿಯಾಗಿರುವಾಗ ಮುಚ್ಚಳ ತೆಗೆದರೆ ಏನೂ ಆಗುವುದಿಲ್ಲ. ಅವನ್ನೂ ಸಡಿಲಿಸಿದರೆ ಆ ಬಿಗು ಕಳೆದುಹೋಗುತ್ತದೆ. ಪಕ್ಕದವನ್ನು ಮುಟ್ಟದೆ ಹಳೆಯ ಮುಚ್ಚಳ ತೆಗೆದು, ಹೊಸದನ್ನು ಹಗುರವಾಗಿ ಬಿಗಿದು, ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಿಸಿ. ‘ಟಕ್ ಟಕ್’ ಎಂದರೆ ಹೆಡ್‌ಸೆಟ್ ಸಡಿಲವಾಗಿದೆ.

ಪ್ರಶ್ನೆ: ಮಧ್ಯಾಹ್ನದ ಬಿಸಿಲಿಗೆ ಸ್ಕ್ರೀನ್ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ. ಮಳೆಯಲ್ಲಿ ತಾನಾಗಿಯೇ ಬಟನ್ ಒತ್ತಿಕೊಳ್ಳುತ್ತದೆ.

ಐಫೋನ್ ಬಳಸಬೇಕಾದ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ತಯಾರಕರೇ ಹೇಳುತ್ತಾರೆ. ಉಳಿದ ಫೋನುಗಳೂ ಹೆಚ್ಚು ಕಡಿಮೆ ಹಾಗೇ. ನೇರ ಬಿಸಿಲಿನಲ್ಲಿ ಕಪ್ಪು ಕೇಸ್, ಪೂರ್ಣ ಪ್ರಕಾಶ, ಮೊಬೈಲ್ ಡೇಟಾ, ಜೊತೆಗೆ ಚಾರ್ಜ್ ಸೇರಿದರೆ ಆ ಮಿತಿ ಬೇಗ ದಾಟುತ್ತದೆ. ಮೊದಲು ಚಾರ್ಜ್ ಕಿತ್ತುಹಾಕಿ, ಅದೇ ದೊಡ್ಡ ಬಿಸಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಡೇಟಾ ಆರಿಸಿ. ಕಾದ ಫೋನಿಗೆ ತಣ್ಣೀರು ಸುರಿಯಬೇಡಿ, ಒಳಗೆ ತೇವ ಕಟ್ಟುತ್ತದೆ. ನೆರಳಿನ ಜೇಬಿಗೆ ಹಾಕಿದರೆ ಸಾಕು.

ಮಳೆ ಹನಿಯನ್ನು ಸ್ಕ್ರೀನ್ ಬೆರಳೆಂದು ತಿಳಿಯುತ್ತದೆ. ಹನಿ ಬೀಳಲು ಶುರುವಾದೊಡನೆ ಸ್ಕ್ರೀನ್ ಲಾಕ್ ಮಾಡಿ ದಾಖಲೆ ಮಾತ್ರ ನಡೆಸಿ. ಐಫೋನಿನಲ್ಲಾದರೆ ‘ಗೈಡೆಡ್ ಆ್ಯಕ್ಸೆಸ್’ ಆನ್ ಮಾಡಿ ಸ್ಪರ್ಶವನ್ನೇ ನಿಲ್ಲಿಸಬಹುದು, ನಕ್ಷೆ ಕಾಣುತ್ತಲೇ ಇರುತ್ತದೆ. ದೂಳು, ನೀರು ಒಳಹೋಗದೆನ್ನುವ ಐಪಿ68 ಎಂಬ ಮುದ್ರೆ ಹೊಸ ಫೋನನ್ನು ನಿಂತ ಶುದ್ಧ ನೀರಿನಲ್ಲಿ ಪರೀಕ್ಷಿಸಿ ಕೊಟ್ಟದ್ದು. ಒಮ್ಮೆ ಬಿದ್ದು ಅಂಚು ಸೀಳಿದ ಫೋನಿಗೆ ಅದು ಅನ್ವಯಿಸದು. ಚಾರ್ಜಿಂಗ್ ಪೋರ್ಟ್ ಒದ್ದೆ ಇರುವಾಗ ಕೇಬಲ್ ಚುಚ್ಚಬೇಡಿ.

ಪ್ರಶ್ನೆ: ತಂಪು ಕನ್ನಡಕ ಹಾಕಿದರೆ ಸ್ಕ್ರೀನ್ ಪೂರ್ತಿ ಕಪ್ಪು!

ಕಾರಣ ಪೋಲರೈಸ್ಡ್ ಗಾಜು, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ತಡೆಯುವ ಗಾಜು. ಫೋನನ್ನು ಅಡ್ಡ ತಿರುಗಿಸಿ ನೋಡಿ, ಕಾಣಿಸಬಹುದು. ಇಲ್ಲವೇ ಪೋಲರೈಸ್ಡ್ ಅಲ್ಲದ ಕನ್ನಡಕ ಹಾಕಿ.

ಪ್ರಶ್ನೆ: ದಿನವಿಡೀ ಸವಾರಿಗೆ ಚಾರ್ಜ್ ಹೇಗೆ? ಹಬ್ ಡೈನಮೊ (ಚಕ್ರದ ನಡುವೆ ಕೂತು ವಿದ್ಯುತ್ ಹುಟ್ಟಿಸುವ ಸಾಧನ) ಸಾಕೇ?

ಪೂರ್ಣ ಪ್ರಕಾಶದಲ್ಲಿ ಸ್ಕ್ರೀನ್ ಸದಾ ಉರಿದರೆ ಹೆಚ್ಚಿನ ಫೋನುಗಳು ಅರ್ಧ ದಿನ ಕೂಡ ಬಾಳುವುದಿಲ್ಲ; ಆರಿಸಿಟ್ಟರೆ ಅದೇ ಫೋನ್ ಇಡೀ ದಿನ ದಾಖಲಿಸುತ್ತದೆ. ನಿಮ್ಮದನ್ನು ನೀವೇ ಅಳೆದುಕೊಳ್ಳಿ: ಒಂದು ಗಂಟೆಯಲ್ಲಿ ಶೇಕಡಾ ಎಷ್ಟು ಇಳಿಯಿತು ಎಂದು ಎರಡೂ ರೀತಿಯಲ್ಲಿ ನೋಡಿ, 80ನ್ನು ಅದರಿಂದ ಭಾಗಿಸಿ. 100 ಅಲ್ಲ, 80. ಕೊನೆಯ 20 ತುರ್ತು ಕರೆಗೆ.

10,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ 3.7 ವೋಲ್ಟಿನ ಲೆಕ್ಕದಲ್ಲಿ 37 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸುವಲ್ಲಿ, ಕೇಬಲ್ಲಿನಲ್ಲಿ, ಫೋನಿನ ಒಳಗೆ ಸೋರಿದ ಮೇಲೆ 5,000 ಎಂಎಎಚ್ ಫೋನನ್ನು ಒಂದೂವರೆ ಸಲ ತುಂಬಿದರೆ ಹೆಚ್ಚು. ಎರಡು ಸಲ ಎಂದು ನಂಬಿ ಹೊರಡಬೇಡಿ.

ಹಬ್ ಡೈನಮೊ 6 ವೋಲ್ಟ್, 3 ವ್ಯಾಟಿನದು. ಪರಿವರ್ತನೆಯಲ್ಲಿ ಕಳೆದು ಫೋನಿಗೆ ಸಿಗುವುದು ಎರಡು ವ್ಯಾಟಿನ ಆಸುಪಾಸು, ಅದೂ ಚೆನ್ನಾಗಿ ಓಡುವಾಗ. ಸ್ಕ್ರೀನ್ ಉರಿಯುತ್ತಿದ್ದರೆ ಅಷ್ಟೂ ಅಲ್ಲಿಗೇ ಹೋಗುತ್ತದೆ. ಏರಿನಲ್ಲಿ ವೇಗ ಇಳಿದಾಗ ಚಾರ್ಜ್ ಕಡಿಯುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲ ಫೋನ್ ಎಚ್ಚರಗೊಂಡು ಸ್ಕ್ರೀನ್ ಬೆಳಗುತ್ತದೆ. ಕೆಲವೊಮ್ಮೆ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಡೈನಮೊ ಪವರ್‌ಬ್ಯಾಂಕ್ ತುಂಬಲಿ, ಪವರ್‌ಬ್ಯಾಂಕ್ ಫೋನ್ ತುಂಬಲಿ. ಒಂದೇ ಹೊತ್ತಿಗೆ ಪಡೆದು ಕೊಡುವ ಪವರ್‌ಬ್ಯಾಂಕೇ ಆಗಬೇಕು, ಎಲ್ಲವೂ ಹಾಗಿರುವುದಿಲ್ಲ. ಕೇಬಲ್ ತುದಿ ಎಲ್ ಆಕಾರದಲ್ಲಿರಲಿ, ಬಾರಿಗೆ ಒಂದು ಸಡಿಲ ಸುತ್ತು ಹಾಕಿ ಕಟ್ಟಿ. ನೇರ ತುದಿ ಕುಲುಕಾಟಕ್ಕೆ ಅಲ್ಲಾಡಿ ಪೋರ್ಟನ್ನೇ ಸವೆಸುತ್ತದೆ.

ಪ್ರಶ್ನೆ: ಸಿಮ್ ಇಲ್ಲದ ಹಳೆಯ ಫೋನನ್ನು ಇದಕ್ಕೇ ಮೀಸಲಿಡಬಹುದೇ? ನೆಟ್ ಇಲ್ಲದೆ ಜಿಪಿಎಸ್ ನಡೆಯುತ್ತದೆಯೇ?

ನಡೆಯುತ್ತದೆ, ಜಿಪಿಎಸ್ ಬರೀ ಕೇಳುವ ರೇಡಿಯೊ. ಮೊದಲ ಸಲ ಸ್ಥಳ ಹಿಡಿಯುವುದು ಮಾತ್ರ ನಿಧಾನ. ನೆಟ್ ಇದ್ದರೆ ಉಪಗ್ರಹಗಳ ಕಕ್ಷೆಯ ಮಾಹಿತಿ ಕ್ಷಣದಲ್ಲಿ ಬರುತ್ತದೆ, ಇಲ್ಲದಿದ್ದರೆ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಪ್ರತಿ ಉಪಗ್ರಹ ತನ್ನ ಕಕ್ಷೆಯನ್ನು 30 ಸೆಕೆಂಡಿಗೊಮ್ಮೆ, ಎಲ್ಲ ಉಪಗ್ರಹಗಳ ಪಟ್ಟಿಯನ್ನು ಹನ್ನೆರಡೂವರೆ ನಿಮಿಷದಲ್ಲಿ ಒಮ್ಮೆ ಹೇಳಿ ಮುಗಿಸುತ್ತದೆ. ಹಾಗಾಗಿ ಹೊರಡುವ ಮೊದಲು ವೈಫೈ ಇರುವಲ್ಲಿ ನಕ್ಷೆ ಆ್ಯಪ್ ತೆರೆದು ಬಯಲಿನಲ್ಲಿ ಒಂದೆರಡು ನಿಮಿಷ ನಿಲ್ಲಿ, ಚಲಿಸಬೇಡಿ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಆ್ಯಂಡ್ ಎರಡೂ ನೆಟ್ ಇಲ್ಲದೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ತೋರಿಸುತ್ತವೆ, ದಾರಿಯನ್ನು ಉಳಿಸಿಟ್ಟ ಜಿಪಿಎಕ್ಸ್ ಫೈಲನ್ನೂ ತೆರೆಯುತ್ತವೆ.

ಫೋನಿನ ಬೆನ್ನು ಉಬ್ಬಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಮೇಲೆದ್ದಿದ್ದರೆ ಬ್ಯಾಟರಿ ಊದಿದೆ ಎಂದರ್ಥ. ಅಂಥದ್ದನ್ನು ಬಿಸಿಲಿಗೂ ಕುಲುಕಾಟಕ್ಕೂ ಒಡ್ಡುವ ಮಾತೇ ಬೇಡ. ಇನ್ನು, ಜಖಂ ಆದಾಗ ಮನೆಯವರಿಗೆ ಕರೆ ಮಾಡಲು ಸಿಮ್ ಇರುವ ಫೋನ್ ಜೇಬಿನಲ್ಲಿರಲೇಬೇಕು.

ಪ್ರಶ್ನೆ: ಆ್ಯಪ್ ತೋರಿಸುವ ‘ವ್ಯಾಟ್’ ನಂಬಬಹುದೇ? ಸರಾಸರಿ ವೇಗ ಎರಡು ಕಡೆ ಎರಡು ಥರ ಬರುವುದೇಕೆ?

ಪವರ್ ಮೀಟರ್ ಇಲ್ಲದೆ ತೋರಿಸುವ ವ್ಯಾಟ್ ಅಂಕಿ ವೇಗ, ಏರು ಮತ್ತು ನೀವು ತುಂಬಿದ ತೂಕದಿಂದ ಕಟ್ಟಿದ ಊಹೆ. ಉದ್ದನೆಯ ಕಡಿದಾದ ಏರಿನಲ್ಲಿ ಅದು ಸುಮಾರಾಗಿ ಹತ್ತಿರ ಬರುತ್ತದೆ; ಅಲ್ಲಿ ಕೆಲಸವೆಲ್ಲ ಭಾರ ಎತ್ತುವುದೇ. ಮಟ್ಟಸ ರಸ್ತೆಯಲ್ಲಿ ಎದುರುಗಾಳಿಯೋ ಬೆನ್ನಗಾಳಿಯೋ ಫೋನಿಗೆ ಗೊತ್ತಿಲ್ಲ, ಮುಂದಿನವರ ಹಿಂದೆ ಅಂಟಿಕೊಂಡು ಬಂದದ್ದೂ ಗೊತ್ತಿಲ್ಲ. ಅಲ್ಲಿ ಆ ಅಂಕಿಗೆ ಬೆಲೆ ಕೊಡಬೇಡಿ.

ಸರಾಸರಿಯ ವ್ಯತ್ಯಾಸ, ನಿಂತಾಗ ಎಣಿಕೆಯನ್ನು ತಾನಾಗಿ ನಿಲ್ಲಿಸುವ ಆಟೋ-ಪಾಸ್ (Auto-pause) ಆಯ್ಕೆಯದು. ಒಂದು ಆ್ಯಪ್ ಟೀ ಕುಡಿದ ಹೊತ್ತನ್ನೂ ಸೇರಿಸುತ್ತದೆ, ಇನ್ನೊಂದು ಚಲಿಸಿದ ಹೊತ್ತನ್ನು ಮಾತ್ರ. 60 ಕಿ.ಮೀ.ಯನ್ನು ಮೂರು ಗಂಟೆ ತುಳಿದು ಒಂದು ಗಂಟೆ ನಿಂತಿದ್ದರೆ ಮೊದಲನೆಯದು 15, ಎರಡನೆಯದು 20. ಕಡಿದಾದ ಏರಿನಲ್ಲಿ ಗಂಟೆಗೆ 5 ಕಿ.ಮೀ.ಗೆ ಇಳಿದಾಗ ಕೆಲವು ಆ್ಯಪ್ ‘ನಿಂತಿದ್ದಾರೆ’ ಎಂದು ತಿಳಿದು ಏದುಸಿರು ಬಿಟ್ಟು ತುಳಿದ ಹೊತ್ತನ್ನೇ ಕಳೆದುಬಿಡುತ್ತವೆ. ಘಾಟಿ ಹತ್ತುವ ದಿನ ಆಟೋ-ಪಾಸ್ ಆಫ್ ಮಾಡಿ.